ಜೋಡಿ ಕ್ರಿಯೆಗಳು: ಉತ್ಕರ್ಷಣ ಮತ್ತು ಅಪಕರ್ಷಣ

ಮಳೆಗಾಲದಲ್ಲಿ ಹಿತ್ತಿಲಲ್ಲಿ ಮರೆತುಬಿಟ್ಟ ಕುಡುಗೋಲಿಗೆ ನಾಲ್ಕೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಒಲೆಯಲ್ಲಿ ಸೌದೆ ಉರಿದು ಬೂದಿಯಾಗುತ್ತದೆ. ಹೆಚ್ಚಿದ ಬದನೆಕಾಯಿಯ ಹೋಳುಗಳನ್ನು ನೀರಿಗೆ ಹಾಕಲು ತುಸು ತಡವಾದರೂ ಅವು ಕಪ್ಪಾಗುತ್ತವೆ. ಉಂಡ ಅನ್ನದಿಂದ ದೇಹಕ್ಕೆ ಶಕ್ತಿ ದೊರೆಯುತ್ತದೆ. ನೋಡುವವರ ಕಣ್ಣಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು. ರಸಾಯನ ವಿಜ್ಞಾನವಾದರೋ ಇವೆಲ್ಲವನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ಉತ್ಕರ್ಷಣ–ಅಪಕರ್ಷಣ ಕ್ರಿಯೆಗಳು ಎಂಬುದು ಆ ಕುಟುಂಬದ ಹೆಸರು. ಹೆಸರಿನಲ್ಲಿ ಎರಡು ಪದಗಳು ಜೊತೆಗೂಡಿರುವುದು ಆಕಸ್ಮಿಕವಲ್ಲ. ಇವೆರಡರಲ್ಲಿ ಒಂದು ನಡೆದು ಇನ್ನೊಂದು ನಡೆಯದಿರುವ ಪ್ರಸಂಗವೇ ಇಲ್ಲ. ಅದೇಕೆ ಹಾಗೆ ಎಂಬುದು ಸ್ಪಷ್ಟವಾಗಲು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹದಿನೆಂಟನೆಯ ಶತಮಾನದಲ್ಲಿ ಉರಿಯುವಿಕೆಯನ್ನು ಕುರಿತು ಯೂರೋಪಿನಲ್ಲಿ ಒಂದು ವಾದ ಬಹುಮಟ್ಟಿಗೆ ಎಲ್ಲರ ಒಪ್ಪಿಗೆಯನ್ನು ಪಡೆದಿತ್ತು. ಉರಿಯಬಲ್ಲ ಪ್ರತಿಯೊಂದು ವಸ್ತುವಿನಲ್ಲಿಯೂ 'ಫ್ಲೋಜಿಸ್ಟನ್' ಎಂಬುದೊಂದು ತತ್ತ್ವವಿದೆ. ವಸ್ತು ಉರಿದಾಗ ಅದು ಹೊರಗೆ ಹೋಗುತ್ತದೆ. ಲೋಹ ಕಾದು ಭಸ್ಮವಾಗುವುದೂ ಅದನ್ನು ಕಳೆದುಕೊಂಡಾಗಲೇ. ಇದು ಜರ್ಮನಿಯ ಸ್ಟಾಲ್ ಮತ್ತು ಅವನ ಅನುಯಾಯಿಗಳ ಮತ. ಇದ್ದಿಲಿನಲ್ಲಿ ಫ್ಲೋಜಿಸ್ಟನ್ ಹೇರಳವಾಗಿರುವುದರಿಂದ, ಲೋಹಭಸ್ಮವನ್ನು ಇದ್ದಿಲಿನೊಡನೆ ಕಾಸಿದರೆ ಇದ್ದಿಲಿನ ಫ್ಲೋಜಿಸ್ಟನ್ ಭಸ್ಮಕ್ಕೆ ಸೇರಿ ಮತ್ತೆ ಲೋಹ ದೊರೆಯುತ್ತದೆ ಎಂದು ಅವರು ವಿವರಿಸುತ್ತಿದ್ದರು. ಈ ವಾದವನ್ನು ಇಂದು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಕಮ್ಮಾರನ ಕುಲುಮೆಯಲ್ಲಿ ಕಂಡುದನ್ನೆಲ್ಲ ಅದು ಒಂದೇ ಸೂತ್ರದಲ್ಲಿ ಪೋಣಿಸಿತ್ತು ಎಂಬುದನ್ನು ಮರೆಯಬಾರದು. ಅದರ ತೊಡಕು ಇದ್ದುದು ತಕ್ಕಡಿಯಲ್ಲಿ. ಏನನ್ನೋ ಕಳೆದುಕೊಂಡ ಭಸ್ಮ ಮೂಲ ಲೋಹಕ್ಕಿಂತ ಹಗುರವಾಗಿರಬೇಕು. ತೂಗಿ ನೋಡಿದರೆ ಅದು ಹೆಚ್ಚು ಭಾರವಾಗಿರುತ್ತಿತ್ತು!

ತಕ್ಕಡಿಯ ಮಾತನ್ನು ನಂಬಿದವನು ಫ್ರಾನ್ಸಿನ ಲವಾಜಿಯೆ. 1774ರ ಆಗಸ್ಟ್ 1ರಂದು ಇಂಗ್ಲೆಂಡಿನ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ಮಸೂರದಿಂದ ಬಿಸಿಲನ್ನು ಹಾಯಿಸಿ ಒಂದು ಹೊಸ ಅನಿಲವನ್ನು ಪಡೆದಿದ್ದನು. ಅದರಲ್ಲಿ ಮೇಣದ ಬತ್ತಿ ಅತ್ಯಂತ ಪ್ರಖರವಾಗಿ ಉರಿಯಿತು. ಲವಾಜಿಯೆ ಈ ಪ್ರಯೋಗವನ್ನು ಮುಂದಕ್ಕೂ ಹಿಂದಕ್ಕೂ ಒಯ್ದನು. ಮುಚ್ಚಿದ ಪಾತ್ರೆಯಲ್ಲಿ ಗಾಳಿಯೊಡನೆ ಪಾದರಸವನ್ನಿಟ್ಟು ಹನ್ನೆರಡು ದಿನಗಳ ಕಾಲ ಎಡೆಬಿಡದೆ ಕಾಯಿಸಿದನು. ಪಾದರಸದ ಮೇಲೆ ಕೆಂಪು ಪುಡಿ ತೇಲತೊಡಗಿತು. ಪಾತ್ರೆಯ ಗಾಳಿ ಸುಮಾರು ಆರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಯಿತು. ಉಳಿದ ಗಾಳಿಯಲ್ಲಿ ದೀಪ ಆರಿಹೋಯಿತು. ಆ ಕೆಂಪು ಪುಡಿ 45 ಗ್ರೇನು ತೂಗಿತು. ಅದನ್ನು ಇನ್ನೂ ಹೆಚ್ಚು ಶಾಖದಲ್ಲಿ ಕಾಸಿದಾಗ 41½ ಗ್ರೇನು ಪಾದರಸವೂ, ಮೊದಲು ಕಡಿಮೆಯಾಗಿದ್ದ ಗಾಳಿಯಷ್ಟೇ ಅನಿಲವೂ ಮರಳಿ ಬಂದವು. ಲೋಹ ಭಸ್ಮವಾಗುವಾಗ ಅದರಿಂದ ಏನೂ ಹೊರಗೆ ಹೋಗುವುದಿಲ್ಲ, ಗಾಳಿಯ ಒಂದು ಭಾಗ ಅದಕ್ಕೆ ಬಂದು ಸೇರುತ್ತದೆ ಎಂಬುದು ಹೀಗೆ ಸ್ಥಿರಪಟ್ಟಿತು.

ಆ ಭಾಗಕ್ಕೆ ಲವಾಜಿಯೆ ಇಟ್ಟ ಹೆಸರಿನ ಅರ್ಥ 'ಆಮ್ಲವನ್ನು ಹುಟ್ಟಿಸುವುದು' ಎಂದು. ಕನ್ನಡದ 'ಆಮ್ಲಜನಕ' ಅದರ ನೇರವಾದ ರೂಪ. ಎಲ್ಲ ಆಮ್ಲಗಳಲ್ಲಿಯೂ ಈ ಧಾತು ಇದ್ದೇ ಇರುತ್ತದೆಂದು ಅವನು ನಂಬಿದ್ದನು. ಅದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಲೇಶವೂ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿಕೊಟ್ಟನು. ಹೆಸರು ಮಾತ್ರ ಉಳಿಯಿತು. ಕನ್ನಡದಲ್ಲಿ ಆ ಪದವನ್ನು ಬಳಸುವ ವಿದ್ಯಾರ್ಥಿ ಇನ್ನೂರು ವರ್ಷಗಳ ಹಿಂದಿನ ಒಂದು ತಪ್ಪನ್ನು ತನಗರಿವಿಲ್ಲದೆಯೇ ಉಚ್ಚರಿಸುತ್ತಾನೆ.

ಆಮ್ಲಜನಕದೊಡನೆ ಸೇರುವುದು ಉತ್ಕರ್ಷಣ, ಆಮ್ಲಜನಕವನ್ನು ಕಳೆದುಕೊಳ್ಳುವುದು ಅಪಕರ್ಷಣ. ಇದು ಮೊದಲ ವ್ಯಾಖ್ಯೆ. ಕಪ್ಪು ಬಣ್ಣದ ತಾಮ್ರದ ಆಕ್ಸೈಡನ್ನು ಗಾಜಿನ ನಳಿಕೆಯಲ್ಲಿ ಕಾಯಿಸಿ ಅದರ ಮೇಲೆ ಜಲಜನಕವನ್ನು ಹಾಯಿಸಿದರೆ, ಕಪ್ಪು ಪುಡಿ ನಿಧಾನವಾಗಿ ಕೆಂಪು ತಾಮ್ರವಾಗುತ್ತದೆ. ನಳಿಕೆಯ ತಣ್ಣನೆಯ ತುದಿಯಲ್ಲಿ ನೀರಿನ ಹನಿಗಳು ಕಟ್ಟುತ್ತವೆ.

ತಾಮ್ರದ ಆಕ್ಸೈಡ್ + ಜಲಜನಕ → ತಾಮ್ರ + ನೀರು

ಇಲ್ಲಿ ತಾಮ್ರದ ಆಕ್ಸೈಡು ಆಮ್ಲಜನಕವನ್ನು ಬಿಟ್ಟುಕೊಟ್ಟಿತು. ಜಲಜನಕ ಅದನ್ನು ಪಡೆಯಿತು. ಒಂದು ಅಪಕರ್ಷಣ ಹೊಂದಿದ ಕ್ಷಣದಲ್ಲಿಯೇ ಇನ್ನೊಂದು ಉತ್ಕರ್ಷಣ ಹೊಂದಿತು. ಬೆಂಕಿಯನ್ನು ನಂದಿಸುವ ಇಂಗಾಲದ ಡೈಆಕ್ಸೈಡಿನಲ್ಲಿಯೂ ಉರಿಯುವ ಮಗ್ನೀಷಿಯಂ ಪಟ್ಟಿ ಆರುವುದಿಲ್ಲವೆಂಬುದು ಇನ್ನೂ ಸೋಜಿಗದ ಸಂಗತಿ. ಪಟ್ಟಿ ಉರಿದ ಮೇಲೆ ಜಾಡಿಯೊಳಗೆ ಬಿಳಿಯ ಬೂದಿಯೂ ಅದರ ನಡುವೆ ಮಸಿಯ ಕಪ್ಪು ಚುಕ್ಕೆಗಳೂ ಉಳಿಯುತ್ತವೆ. ಬಿಳಿಯದು ಮಗ್ನೀಷಿಯಂ ಆಕ್ಸೈಡ್. ಕರಿಯದು ತನ್ನ ಆಮ್ಲಜನಕವನ್ನು ಕಳೆದುಕೊಂಡ ಇಂಗಾಲ.

ಈ ವ್ಯಾಖ್ಯೆ ಸರಳ, ಆದರೆ ಸಾಲದು. ಕಾಯಿಸಿದ ಸೋಡಿಯಂ ಚೂರನ್ನು ಕ್ಲೋರಿನ್ ತುಂಬಿದ ಜಾಡಿಯೊಳಗೆ ಇಳಿಸಿದರೆ ಅದು ಹಳದಿಯ ಪ್ರಖರ ಜ್ವಾಲೆಯಿಂದ ಉರಿಯುತ್ತದೆ. ಬಿಳಿಯ ಹೊಗೆಯೇಳುತ್ತದೆ, ಅದು ಅಡುಗೆಯ ಉಪ್ಪು. ಇಲ್ಲಿ ಜ್ವಾಲೆಯಿದೆ, ಶಾಖವಿದೆ, ಉರಿಯುವಿಕೆಯ ಎಲ್ಲ ಲಕ್ಷಣಗಳೂ ಇವೆ. ಆಮ್ಲಜನಕ ಮಾತ್ರ ಇಲ್ಲ. ಹಾಗಾದರೆ ಸೋಡಿಯಂ ಆಮ್ಲಜನಕದಲ್ಲಿ ಉರಿದಾಗಲೂ ಕ್ಲೋರಿನ್ನಿನಲ್ಲಿ ಉರಿದಾಗಲೂ ಸಮಾನವಾಗಿ ನಡೆಯುವ ಸಂಗತಿ ಯಾವುದು? 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಬಳಿಕವೇ ಈ ಪ್ರಶ್ನೆಗೆ ಉತ್ತರ ದೊರೆಯುವಂತಾಯಿತು. ಎರಡೂ ಸಂದರ್ಭಗಳಲ್ಲಿ ಸೋಡಿಯಂ ಪರಮಾಣು ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕೊಟ್ಟುಬಿಡುತ್ತದೆ. ಎದುರಿಗಿರುವ ಪರಮಾಣು ಅದನ್ನು ತೆಗೆದುಕೊಳ್ಳುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಳ್ಳುವುದು ಉತ್ಕರ್ಷಣ. ಎಲೆಕ್ಟ್ರಾನನ್ನು ಪಡೆಯುವುದು ಅಪಕರ್ಷಣ. ಎಲೆಕ್ಟ್ರಾನು ನಡುದಾರಿಯಲ್ಲಿ ಎಲ್ಲಿಯೂ ತಂಗಲಾರದು. ಒಂದು ಪರಮಾಣು ಬಿಟ್ಟುಕೊಡಬೇಕಾದರೆ ಇನ್ನೊಂದು ಅದನ್ನು ಕೊಳ್ಳಲು ಸಿದ್ಧವಾಗಿರಬೇಕು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಜಮಾ ಮತ್ತು ಖರ್ಚು ತಾಳೆಯಾಗುವಂತೆ, ಕೊಟ್ಟ ಎಲೆಕ್ಟ್ರಾನುಗಳ ಸಂಖ್ಯೆಯೂ ಪಡೆದ ಎಲೆಕ್ಟ್ರಾನುಗಳ ಸಂಖ್ಯೆಯೂ ಒಂದೇ ಆಗಿರಬೇಕು. ಜೋಡಿಯ ಗುಟ್ಟು ಇದೇ. ವಿಚಿತ್ರವೆಂದರೆ, ಲೋಹದಿಂದ ಏನೋ ಹೊರಟು ಮತ್ತೊಂದಕ್ಕೆ ಹೋಗುತ್ತದೆ ಎಂಬ ಫ್ಲೋಜಿಸ್ಟನ್ ವಾದಿಗಳ ಊಹೆ ಈ ಮಟ್ಟಿಗೆ ನಿಜವೇ ಆಗಿತ್ತು! ಹೊರಡುವ ಎಲೆಕ್ಟ್ರಾನಿನ ತೂಕ ಅವರ ತಕ್ಕಡಿಗೆ ಸಿಕ್ಕುವಂತಹುದಲ್ಲ. ಬಂದು ಸೇರುವ ಆಮ್ಲಜನಕದ ತೂಕ ಮಾತ್ರ ಸಿಕ್ಕಿತು.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಸ್ಥಳವಿದೆ. 'ಉತ್ಕರ್ಷ' ಎಂದರೆ ಏಳಿಗೆ, 'ಅಪಕರ್ಷ' ಎಂದರೆ ಇಳಿಕೆ. ಹೀಗಿರುವಾಗ ಎಲೆಕ್ಟ್ರಾನನ್ನು ಕಳೆದುಕೊಳ್ಳುವುದಕ್ಕೆ ಉತ್ಕರ್ಷಣವೆಂಬ ಹೆಸರು ಹೇಗೆ ಒಪ್ಪುತ್ತದೆ? ಎಲೆಕ್ಟ್ರಾನಿನದು ಋಣ ವಿದ್ಯುದಂಶ. ಋಣ ಕಳೆದರೆ ಉಳಿಯುವುದು ಧನ. ಪರಮಾಣುವಿನ ಲೆಕ್ಕ ಮೇಲಕ್ಕೇರುತ್ತದೆ. ಸಾಲ ತೀರಿದವನ ಏಳಿಗೆಯಂತೆ ಇದು ಎಂದು ನೆನಪಿಟ್ಟುಕೊಂಡರೆ ತೊಡಕಿಲ್ಲ. ಈ ಏರಿಳಿತವನ್ನು ಅಳೆಯಲು ಪ್ರತಿಯೊಂದು ಪರಮಾಣುವಿಗೂ ಒಂದು 'ಉತ್ಕರ್ಷಣ ಸಂಖ್ಯೆ'ಯನ್ನು ಕೊಡುತ್ತಾರೆ. ಸಂಯೋಗ ಹೊಂದದೆ ಸ್ವತಂತ್ರವಾಗಿರುವ ಧಾತುವಿನ ಸಂಖ್ಯೆ ಸೊನ್ನೆ. ಸಂಯುಕ್ತಗಳಲ್ಲಿ ಆಮ್ಲಜನಕಕ್ಕೆ ಸಾಮಾನ್ಯವಾಗಿ –2, ಜಲಜನಕಕ್ಕೆ ಸಾಮಾನ್ಯವಾಗಿ +1. ಒಂದು ಅಣುವಿನಲ್ಲಿರುವ ಎಲ್ಲ ಪರಮಾಣುಗಳ ಸಂಖ್ಯೆಗಳನ್ನು ಕೂಡಿದರೆ ಸೊನ್ನೆ ಬರಬೇಕು. ಸಂಖ್ಯೆ ಏರಿದರೆ ಉತ್ಕರ್ಷಣ, ಇಳಿದರೆ ಅಪಕರ್ಷಣ. ಎದುರಿನ ವಸ್ತುವಿಗೆ ಉತ್ಕರ್ಷಣವನ್ನು ಉಂಟುಮಾಡುವ ವಸ್ತು ಉತ್ಕರ್ಷಕ. ಅದು ತಾನು ಅಪಕರ್ಷಣ ಹೊಂದುತ್ತದೆ. ಅಪಕರ್ಷಕದ ಗತಿ ಇದಕ್ಕೆ ವಿರುದ್ಧ.

ಈ ಕ್ರಿಯೆಗಳು ತೋರುವ ರೂಪಗಳು ಹಲವು. ಅವುಗಳಲ್ಲಿ ತೀರ ಸರಳವಾದುದು ಸಂಯೋಗ ಕ್ರಿಯೆ. ಮಗ್ನೀಷಿಯಂ ಆಮ್ಲಜನಕದೊಡನೆ, ಕಬ್ಬಿಣ ಗಂಧಕದೊಡನೆ, ಸೋಡಿಯಂ ಕ್ಲೋರಿನ್ನಿನೊಡನೆ ಸೇರುವುದು ಈ ಜಾತಿಗೆ ಸೇರಿದ್ದು. ಇದರ ಹಿಮ್ಮುಖ ರೂಪವೇ ವಿಭಜನ ಕ್ರಿಯೆ. ಲವಾಜಿಯೆಯ ಕೆಂಪು ಪುಡಿ ಪಾದರಸ ಮತ್ತು ಆಮ್ಲಜನಕಗಳಾಗಿ ಒಡೆದುದು ಇದಕ್ಕೆ ಉದಾಹರಣೆ. ಶಾಖಕ್ಕೆ ಜಗ್ಗದ ಸಂಯುಕ್ತಗಳನ್ನು ವಿದ್ಯುತ್ತಿನಿಂದ ಒಡೆಯಬಹುದು. 1807ರಲ್ಲಿ ಡೇವಿ ಪೊಟ್ಯಾಸಿಯಂ ಮತ್ತು ಸೋಡಿಯಂ ಲೋಹಗಳನ್ನು ಮೊದಲ ಬಾರಿಗೆ ಪಡೆದುದು ಈ ಮಾರ್ಗದಿಂದಲೇ.

ಆದರೆ ಎಲ್ಲ ಸಂಯೋಗವೂ, ಎಲ್ಲ ವಿಭಜನೆಯೂ ಉತ್ಕರ್ಷಣ–ಅಪಕರ್ಷಣವಲ್ಲ. ಸುಣ್ಣದ ಗೂಡಿನಲ್ಲಿ ಸುಣ್ಣಕಲ್ಲು ಬೆಂದು ಸುಟ್ಟ ಸುಣ್ಣವೂ ಇಂಗಾಲದ ಡೈಆಕ್ಸೈಡೂ ಆಗುತ್ತವೆ. ಇದು ವಿಭಜನೆಯೇ ಸರಿ. ಆದರೆ ಕ್ಯಾಲ್ಸಿಯಂ ಮೊದಲೂ +2, ಅನಂತರವೂ +2. ಇಂಗಾಲ ಮೊದಲೂ +4, ಅನಂತರವೂ +4. ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ ನಡೆದಿಲ್ಲ. ಅದೇ ಗೂಡಿನಲ್ಲಿ ಉರಿಯುವ ಇದ್ದಿಲಿನದು ಮಾತ್ರ ಅಪ್ಪಟ ಉತ್ಕರ್ಷಣ. ಸುಟ್ಟ ಸುಣ್ಣಕ್ಕೆ ನೀರೆರೆದಾಗ ಅದು ಕುದಿದು ಅರಳುತ್ತದೆ. ಅಲ್ಲಿಯೂ ಸಂಖ್ಯೆಗಳು ಬದಲಾಗುವುದಿಲ್ಲ. ಕಿಲುಬು ಹಿಡಿದ ತಾಮ್ರದ ಕೊಡವನ್ನು ಹುಣಸೆಹಣ್ಣಿನಿಂದ ಉಜ್ಜಿದಾಗ ಅದು ಥಳಥಳಿಸುವುದನ್ನು ಕಂಡು, ಆಕ್ಸೈಡು ಅಪಕರ್ಷಣ ಹೊಂದಿ ಮತ್ತೆ ತಾಮ್ರವಾಯಿತೆಂದು ಭಾವಿಸುವವರುಂಟು. ಹುಣಸೆಯ ಆಮ್ಲ ಆಕ್ಸೈಡಿನ ಪದರವನ್ನು ಕರಗಿಸಿ ತೆಗೆಯುತ್ತದೆಯೇ ಹೊರತು ಅದರೊಳಗಿನ ತಾಮ್ರವನ್ನು ಕೊಡಕ್ಕೆ ಹಿಂದಿರುಗಿಸುವುದಿಲ್ಲ. ಪ್ರತಿ ಸಲ ಬೆಳಗಿದಾಗಲೂ ಕೊಡ ಕೂದಲೆಳೆಯಷ್ಟು ತೆಳ್ಳಗಾಗುತ್ತದೆ.

ಮೂರನೆಯದು ಸ್ಥಾನಪಲ್ಲಟ ಕ್ರಿಯೆ. ಈ ಪಾಠದ ಹೃದಯಭಾಗವಿದು. ಕಣ್ಣಾರೆ ನೋಡಬಹುದಾದುದೂ ಹೌದು. ಒಂದು ಬೀಕರಿನಲ್ಲಿ ಮೈಲುತುತ್ತದ ನೀಲಿ ದ್ರಾವಣವನ್ನು ತೆಗೆದುಕೊಂಡು, ಅದರಲ್ಲಿ ಮರಳು ಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯನ್ನು ಇಳಿಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೇಲೆ ಕೆಂಗಂದು ಬಣ್ಣದ ಪದರವೊಂದು ಕೂಡುತ್ತದೆ. ಮರುದಿನದ ಹೊತ್ತಿಗೆ ದ್ರಾವಣದ ನೀಲಿ ಮಾಸಿ ತಿಳಿಹಸಿರು ಛಾಯೆ ಬಂದಿರುತ್ತದೆ. ಮೊಳೆಯ ಮೇಲೆ ಕುಳಿತದ್ದು ತಾಮ್ರ; ದ್ರಾವಣಕ್ಕೆ ಇಳಿದದ್ದು ಕಬ್ಬಿಣ.

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಕಬ್ಬಿಣದ ಪ್ರತಿಯೊಂದು ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ಕೊಟ್ಟು ಅಯಾನಾಗಿ ನೀರಿಗಿಳಿಯುತ್ತದೆ. ತಾಮ್ರದ ಪ್ರತಿಯೊಂದು ಅಯಾನೂ ಆ ಎರಡನ್ನು ಪಡೆದು ಲೋಹವಾಗಿ ಮೇಲೇರುತ್ತದೆ. ಹೀಗಾಗಿ 55.8 ಗ್ರಾಂ ಕಬ್ಬಿಣ ಕರಗಿದರೆ 63.5 ಗ್ರಾಂ ತಾಮ್ರ ದೊರೆಯುತ್ತದೆ. ಸಲ್ಫೇಟ್ ಭಾಗ ಈ ವ್ಯವಹಾರದಲ್ಲಿ ಬರಿಯ ಸಾಕ್ಷಿ. ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇದನ್ನೇ ತಿರುವುಮುರುವು ಮಾಡಿ ತಾಮ್ರದ ತಂತಿಯನ್ನು ಕಬ್ಬಿಣದ ಸಲ್ಫೇಟ್ ದ್ರಾವಣದಲ್ಲಿಟ್ಟರೆ ಏನೂ ನಡೆಯುವುದಿಲ್ಲ. ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸ್ವಭಾವ ಎಲ್ಲ ಲೋಹಗಳಲ್ಲಿಯೂ ಒಂದೇ ಸಮನಾಗಿಲ್ಲ. ಪೊಟ್ಯಾಸಿಯಂ, ಸೋಡಿಯಂಗಳು ಧಾರಾಳಿಗಳು. ನೀರನ್ನು ಮುಟ್ಟಿದೊಡನೆಯೇ ಅದರಿಂದ ಜಲಜನಕವನ್ನು ಹೊರದೂಡುತ್ತವೆ. ಮಗ್ನೀಷಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣಗಳು ಕ್ರಮವಾಗಿ ಅವುಗಳ ಹಿಂದೆ ನಿಲ್ಲುತ್ತವೆ. ಸಾರರಿಕ್ತ ಗಂಧಕಾಮ್ಲದಲ್ಲಿ ಸತುವಿನ ಚೂರುಗಳನ್ನು ಹಾಕಿ ಜಲಜನಕವನ್ನು ತಯಾರಿಸುವುದು ಪ್ರಯೋಗಶಾಲೆಯ ಪರಿಚಿತ ವಿಧಾನ. ಜಲಜನಕಕ್ಕಿಂತ ಕೆಳಗೆ ತಾಮ್ರ, ಬೆಳ್ಳಿ. ಎಲ್ಲಕ್ಕಿಂತ ಕೆಳಗೆ ಜಿಪುಣಾಗ್ರೇಸರನಾದ ಚಿನ್ನ. ಈ ಕ್ರಿಯಾಶೀಲತೆಯ ಶ್ರೇಣಿಯಲ್ಲಿ ಮೇಲಿರುವ ಲೋಹ ಕೆಳಗಿನದನ್ನು ಅದರ ಲವಣದ ದ್ರಾವಣದಿಂದ ಹೊರಹಾಕಬಲ್ಲುದು. ಕೆಳಗಿನದು ಮೇಲಿನದನ್ನು ಹೊರಹಾಕಲಾರದು.

ಈ ತಾರತಮ್ಯದಿಂದ ಒಂದು ಲೋಹವನ್ನು ಕಾಯಲು ಇನ್ನೊಂದನ್ನು ಬಲಿಕೊಡಬಹುದೆಂದು ಮೊದಲು ಕಂಡವನೂ ಡೇವಿಯೇ. ಇಂಗ್ಲೆಂಡಿನ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಸಮುದ್ರದ ನೀರಿನಲ್ಲಿ ಅದು ಬೇಗ ಸವೆಯುತ್ತಿತ್ತು. 1824ರಲ್ಲಿ ಡೇವಿ ಆ ತಗಡಿಗೆ ಸತುವಿನ ಅಥವಾ ಕಬ್ಬಿಣದ ಚಿಕ್ಕ ತುಂಡುಗಳನ್ನು ಜೋಡಿಸಿ ನೋಡಿದನು. ತಾಮ್ರಕ್ಕೆ ಬದಲಾಗಿ ಆ ತುಂಡುಗಳೇ ಎಲೆಕ್ಟ್ರಾನುಗಳನ್ನು ಕೊಟ್ಟು ಕರಗಿದವು. ತಾಮ್ರ ಎಳ್ಳಷ್ಟೂ ಸವೆಯಲಿಲ್ಲ. ಆದರೂ ಹಡಗಿನವರು ಸಂತೋಷಪಡಲಿಲ್ಲ! ಅದುವರೆಗೆ ಸವೆದು ನೀರಿಗೆ ಬೆರೆಯುತ್ತಿದ್ದ ತಾಮ್ರವೇ ವಿಷವಾಗಿ ಕಡಲ ಪಾಚಿಯನ್ನೂ ಚಿಪ್ಪುಜೀವಿಗಳನ್ನೂ ದೂರವಿರಿಸಿತ್ತು. ತಾಮ್ರ ಕರಗುವುದು ನಿಂತಮೇಲೆ ಅವೆಲ್ಲ ತಳಕ್ಕೆ ಮೆತ್ತಿಕೊಂಡು ಹಡಗುಗಳ ವೇಗವೇ ಕುಂದಿತು. ಆ ತುಂಡುಗಳನ್ನು ತೆಗೆಸಬೇಕಾಯಿತು. ರಸಾಯನ ಶಾಸ್ತ್ರ ಸರಿಯಾಗಿಯೇ ಇತ್ತು. ಲೆಕ್ಕಕ್ಕೆ ಬಾರದಿದ್ದುದು ಸಮುದ್ರದ ಜೀವಿಗಳು. ಡೇವಿಯ ತತ್ತ್ವ ಮಾತ್ರ ವ್ಯರ್ಥವಾಗಲಿಲ್ಲ. ಇಂದು ಉಕ್ಕಿನ ಹಡಗುಗಳಿಗೂ ನೆಲದಡಿಯ ಕೊಳವೆಗಳಿಗೂ ಅದೇ ರಕ್ಷೆ. ಸತುವಿನ ಲೇಪವಿರುವ ಕಬ್ಬಿಣದ ಬಕೆಟ್ಟಿನ ಮೇಲೆ ಗೀರು ಬಿದ್ದರೂ ಅದು ಕೂಡಲೇ ತುಕ್ಕು ಹಿಡಿಯದಿರುವುದು ಇದರಿಂದಲೇ. ಸುತ್ತಲಿನ ಸತು ಕಬ್ಬಿಣದ ಪಾಲಿನ ನಷ್ಟವನ್ನು ತಾನು ಹೊರುತ್ತದೆ.

ಒಣ ಸ್ಥಿತಿಯಲ್ಲಿಯೂ ಈ ಪಲ್ಲಟ ನಡೆಯುತ್ತದೆ. ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ಆಕ್ಸೈಡನ್ನೂ ಬೆರೆಸಿ ಹೊತ್ತಿಸಿದರೆ, ಅಲ್ಯೂಮಿನಿಯಂ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಕರಗಿದ ರೂಪದಲ್ಲಿ ಬಿಟ್ಟುಕೊಡುತ್ತದೆ. 1895ರಲ್ಲಿ ಜರ್ಮನಿಯ ಗೋಲ್ಡ್‌ಸ್ಮಿಟ್ ರೂಪಿಸಿದ ಈ ಥರ್ಮಿಟ್ ವಿಧಾನದಿಂದ ರೈಲು ಕಂಬಿಗಳನ್ನು ಹಳಿಯ ಮೇಲೆಯೇ ಬೆಸೆಯುತ್ತಾರೆ. ಅದಿರಿನಿಂದ ಕಬ್ಬಿಣವನ್ನು ಹೇರಳವಾಗಿ ತೆಗೆಯಬೇಕಾದರೆ ಅಲ್ಯೂಮಿನಿಯಂ ಬಹಳ ದುಬಾರಿ. ಆಗ ಇಂಗಾಲವೇ ಅಪಕರ್ಷಕ. ಬಾಬಾಬುಡನ್ ಬೆಟ್ಟಗಳ ಕೆಮ್ಮಣ್ಣುಗುಂಡಿಯ ಮಣ್ಣನ್ನು ಕೆಂಪಾಗಿಸಿ ಆ ಊರಿಗೆ ಹೆಸರು ತಂದುಕೊಟ್ಟದ್ದು ಕಬ್ಬಿಣದ ಆಕ್ಸೈಡು. ಅಲ್ಲಿಯ ಅದಿರನ್ನು ಭದ್ರಾವತಿಗೆ ತಂದು, ಮಲೆನಾಡಿನ ಕಾಡುಗಳ ಮರದಿಂದ ಮಾಡಿದ ಇದ್ದಿಲಿನೊಡನೆ ಊದುಕುಲುಮೆಯಲ್ಲಿ ಹಾಕಿ 1923ರಲ್ಲಿ ಕಬ್ಬಿಣವನ್ನು ತೆಗೆಯಲಾಯಿತು. ಇದ್ದಿಲು ಅರೆಬರೆ ಉರಿದು ಇಂಗಾಲದ ಮೊನಾಕ್ಸೈಡಾಗುತ್ತದೆ. ಆ ಅನಿಲ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಡೈಆಕ್ಸೈಡಾಗುತ್ತದೆ. ಕಬ್ಬಿಣದ ಉತ್ಕರ್ಷಣ ಸಂಖ್ಯೆ +3 ರಿಂದ ಸೊನ್ನೆಗೆ ಇಳಿಯುತ್ತದೆ. ಹಾಗೆ ಶ್ರಮಪಟ್ಟು ತೆಗೆದ ಕಬ್ಬಿಣ, ಹಿತ್ತಿಲಿನ ಕುಡುಗೋಲಾಗಿ ಮಳೆಯಲ್ಲಿ ನೆನೆದಾಗ, ನೀರು ಮತ್ತು ಆಮ್ಲಜನಕಗಳ ನೆರವಿನಿಂದ ಮತ್ತೆ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಅಲೋಹಗಳಲ್ಲಿಯೂ ಸ್ಥಾನಪಲ್ಲಟವುಂಟು. ಕ್ಲೋರಿನ್ ಬ್ರೋಮಿನ್ನನ್ನು, ಬ್ರೋಮಿನ್ ಅಯೋಡಿನ್ನನ್ನು ಅವುಗಳ ಲವಣಗಳಿಂದ ಹೊರದೂಡುತ್ತವೆ. 1826ರಲ್ಲಿ ಫ್ರಾನ್ಸಿನ ಬಲಾರ್ ಉಪ್ಪಿನ ಗದ್ದೆಯ ಕಟುದ್ರವಕ್ಕೆ ಕ್ಲೋರಿನ್ನನ್ನು ಹಾಯಿಸಿದಾಗ ಕಂಡ ಕೆಂಗಂದು ಬಣ್ಣವೇ ಬ್ರೋಮಿನ್ನಿನ ಆವಿಷ್ಕಾರಕ್ಕೆ ದಾರಿಯಾಯಿತು.

ದಹನವನ್ನು ಬೇರೆಯೇ ಬಗೆಯೆಂದು ಎಣಿಸುವುದು ವಾಡಿಕೆ. ಸೌದೆ, ಸೀಮೆಎಣ್ಣೆ, ಅಡುಗೆ ಅನಿಲಗಳ ಇಂಗಾಲವೂ ಜಲಜನಕವೂ ಆಮ್ಲಜನಕದೊಡನೆ ವೇಗವಾಗಿ ಸೇರಿ ಶಾಖವನ್ನೂ ಬೆಳಕನ್ನೂ ಕೊಡುತ್ತವೆ. ಉಸಿರಾಟದಲ್ಲಿ ಗ್ಲೂಕೋಸು ಹೊಂದುವ ಬದಲಾವಣೆಯ ಮೊದಲೂ ಕೊನೆಯೂ ಇದೇ. ಜೀವಕೋಶ ಮಾತ್ರ ಎಲೆಕ್ಟ್ರಾನುಗಳನ್ನು ಒಮ್ಮೆಗೇ ಆಮ್ಲಜನಕಕ್ಕೆ ಒಪ್ಪಿಸದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಇದರಿಂದಲೇ ದೇಹ ಉರಿಯದೆ ಬೆಚ್ಚಗಿರುತ್ತದೆ.

ಇನ್ನೊಂದು ಬಗೆಯ ಕ್ರಿಯೆಯಲ್ಲಿ ಕೊಡುವ ಧಾತುವೂ ಪಡೆಯುವ ಧಾತುವೂ ಒಂದೇ! ಇದಕ್ಕೆ ಅಸಮಾನುಪಾತ ಕ್ರಿಯೆ ಎಂದು ಹೆಸರು. ಗಾಯವನ್ನು ತೊಳೆಯಲು ಬಳಸುತ್ತಿದ್ದ ಹೈಡ್ರೊಜನ್ ಪೆರಾಕ್ಸೈಡಿನಲ್ಲಿ ಆಮ್ಲಜನಕದ ಸಂಖ್ಯೆ –1. ಅದು ರಕ್ತವನ್ನು ಮುಟ್ಟಿದಾಗ ನೊರೆಯುಕ್ಕುತ್ತದೆ. ಆಗ ಆಮ್ಲಜನಕದ ಒಂದು ಪಾಲು –2ಕ್ಕೆ ಇಳಿದು ನೀರನ್ನು ಸೇರುತ್ತದೆ. ಇನ್ನೊಂದು ಪಾಲು ಸೊನ್ನೆಗೆ ಏರಿ ಅನಿಲವಾಗಿ ಹಾರುತ್ತದೆ. ಕ್ಲೋರಿನ್ನನ್ನು ಅರಳಿದ ಸುಣ್ಣದ ಮೇಲೆ ಹಾಯಿಸಿ ಚಲುವೆ ಪುಡಿಯನ್ನು ಮಾಡುವಾಗಲೂ ಹೀಗೆಯೇ. ಎರಡು ಪರಮಾಣುಗಳಲ್ಲಿ ಒಂದು –1 ಆಗುತ್ತದೆ, ಇನ್ನೊಂದು +1 ಆಗುತ್ತದೆ. ಆಮ್ಲದ ಸಂಪರ್ಕವಾದರೆ ಈ ಅಗಲಿದ ಜೋಡಿ ಮತ್ತೆ ಒಂದುಗೂಡಿ ಕ್ಲೋರಿನ್ ಅನಿಲವಾಗಿ ಹೊರಬೀಳುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷಾನಿಲ. ಬಚ್ಚಲನ್ನು ತೊಳೆಯುವವರು ಚಲುವೆ ಪುಡಿಯನ್ನು ಹಾಕಿದ ಜಾಗಕ್ಕೆ ಆಮ್ಲವನ್ನು ಸುರಿಯಬಾರದು. ಎರಡರಿಂದ ಹೆಚ್ಚು ಸ್ವಚ್ಛವಾದೀತೆಂಬ ಎಣಿಕೆಯಿಂದ ಹಾಗೆ ಮಾಡಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೆ ಎರವಾದವರಿದ್ದಾರೆ.

ಒಂದೇ ಕೆಲಸದಲ್ಲಿ ಇಂತಹ ಎರಡು ಕ್ರಿಯೆಗಳು ಒಂದರ ಬೆನ್ನಿಗೊಂದು ನಡೆದುದಕ್ಕೆ ಕೋಲಾರದ ಚಿನ್ನದ ಗಣಿ ಒಳ್ಳೆಯ ನಿದರ್ಶನ. ಚಿನ್ನ ಗಾಳಿಯಲ್ಲಿ ಉತ್ಕರ್ಷಣ ಹೊಂದುವುದಿಲ್ಲ. ಅದರ ಕಾಂತಿ ಮಾಸದಿರುವುದು ಇದರಿಂದಲೇ. ಬಿಳಿಗಲ್ಲಿನ ಅದಿರಿನಲ್ಲಿ ಕಣ್ಣಿಗೆ ಕಾಣದಷ್ಟು ನುಣುಪಾಗಿ ಹರಡಿದ್ದ ಅದನ್ನು ಬೇರ್ಪಡಿಸಬೇಕಾದರೆ ಹೇಗಾದರೂ ಮಾಡಿ ಕರಗಿಸಬೇಕು. 1887ರಲ್ಲಿ ಗ್ಲಾಸ್ಗೋ ನಗರದ ಮ್ಯಾಕ್ಆರ್ಥರ್ ಮತ್ತು ಫಾರೆಸ್ಟ್ ಸೋದರರು ಇದಕ್ಕೆ ಉಪಾಯ ಕಂಡುಹಿಡಿದರು. ಅರೆದ ಅದಿರನ್ನು ಸೈನೈಡಿನ ತೀರ ಸಾರರಿಕ್ತ ದ್ರಾವಣದಲ್ಲಿ ಗಾಳಿಯೊಡನೆ ಕಲಕಿದರೆ, ಸೈನೈಡು ಚಿನ್ನದ ಅಯಾನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಹಿಡಿತವಿರುವುದರಿಂದ ಚಿನ್ನವೂ ತನ್ನ ಜಿಪುಣತನವನ್ನು ಬಿಡಬೇಕಾಗುತ್ತದೆ. ನಾಲ್ಕು ಚಿನ್ನದ ಪರಮಾಣುಗಳು ಕೊಟ್ಟ ನಾಲ್ಕು ಎಲೆಕ್ಟ್ರಾನುಗಳನ್ನು ಒಂದು ಆಮ್ಲಜನಕದ ಅಣು ಪಡೆಯುತ್ತದೆ. ಇದು ಉತ್ಕರ್ಷಣದ ಹಂತ. ದ್ರಾವಣಕ್ಕೆ ಸುಣ್ಣವನ್ನು ಬೆರೆಸಿಯೇ ಇಡುತ್ತಾರೆ. ಅದು ಆಮ್ಲೀಯವಾದರೆ ಮಾರಕವಾದ ಹೈಡ್ರೊಜನ್ ಸೈನೈಡ್ ಅನಿಲ ಮೇಲೇಳುತ್ತದೆ.

ಅನಂತರ ಸೋಸಿದ ದ್ರಾವಣಕ್ಕೆ ಸತುವನ್ನು ಸೇರಿಸುತ್ತಾರೆ. ಮೊಳೆ ಮತ್ತು ಮೈಲುತುತ್ತದ ಕಥೆಯೇ ಇಲ್ಲಿಯೂ. ಸತು ಕರಗುತ್ತದೆ, ಚಿನ್ನ ಕಪ್ಪು ಕೆಸರಾಗಿ ಕೆಳಗಿಳಿಯುತ್ತದೆ. ಸತುವಿನ ಒಂದು ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಚಿನ್ನದ ಅಯಾನಿಗೆ ಒಂದು ಸಾಕು. ಲೆಕ್ಕದ ಪ್ರಕಾರ 65.4 ಗ್ರಾಂ ಸತುವಿಗೆ 394 ಗ್ರಾಂ ಚಿನ್ನ. ವಾಸ್ತವದಲ್ಲಿ ಸತು ಇದಕ್ಕಿಂತ ಹೆಚ್ಚು ಬೇಕಾಗುತ್ತದೆ, ಏಕೆಂದರೆ ದ್ರಾವಣದಲ್ಲಿ ಉಳಿದ ಆಮ್ಲಜನಕವೂ ಸತುವಿನ ಎಲೆಕ್ಟ್ರಾನುಗಳನ್ನು ಬೇಡುತ್ತದೆ. ಕೆಳಗಿಳಿದ ಚಿನ್ನವನ್ನು ಮತ್ತೆ ಕರಗಿಸಲೂ ತೊಡಗುತ್ತದೆ. ಆದ್ದರಿಂದ ಸುಧಾರಿಸಿದ ವಿಧಾನದಲ್ಲಿ, ಮೊದಲ ಹಂತದಲ್ಲಿ ಬೇಕೆಂದು ಊದಿದ ಗಾಳಿಯನ್ನು ಎರಡನೆಯ ಹಂತಕ್ಕೆ ಮುನ್ನ ಪಂಪಿನಿಂದ ಹೀರಿ ತೆಗೆಯುತ್ತಾರೆ. ಕಪ್ಪು ಕೆಸರನ್ನು ಶುದ್ಧಗೊಳಿಸಿ ಕುಲುಮೆಯಲ್ಲಿ ಕರಗಿಸಿದಾಗಲೇ ಚಿನ್ನದ ಬಣ್ಣ ಮರಳುವುದು.

ಮೂರು ಕಿಲೋಮೀಟರುಗಳಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಚಿನ್ನವನ್ನು ಕಳೆದುಕೊಂಡ ಅದಿರಿನ ಪುಡಿ ಊರಿನ ಅಂಚಿನಲ್ಲಿ ಬೂದು ಬಣ್ಣದ ಗುಡ್ಡಗಳಾಗಿ ಉಳಿದಿದೆ. ಅಲ್ಲಿಯ ಜನ ಅವುಗಳನ್ನು ಇಂದಿಗೂ ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ಅವುಗಳ ನುಣುಪಾದ ಧೂಳು ಹಾರಿಬಂದು ಮನೆಗಳ ಮೇಲೆ ಬೀಳುತ್ತದೆ.